ಮೊರದಲ್ಲಿ ಸಿಗದ ಪಿನ್ನು

ಅತ್ತಿಗೆ ಅಂದು ಅತ್ತರೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಮೊರದಲ್ಲಿ ಕಸ ಕೇರುತ್ತ ಕೂತದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಹರಪನಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯೇ ಅಣ್ಣನ ಡಿಟಿಪಿ ಅಂಗಡಿ. ಹಳೆ ಮಾನಿಟರಿನ ಕೇಬಲ್ ಹೊಸ ಕಂಪ್ಯೂಟರಿಗೆ ಕೂರದೆ ದಾವಣಗೆರೆಯಿಂದ ಅಡಾಪ್ಟರ್ ತಂದಿದ್ದ. ಜೋಡಿಸಿದರೂ ಪರದೆ ಕಪ್ಪಾಗಿಯೇ ಇತ್ತು. ಕಿತ್ತು ನೋಡಿದರೆ ಅಡಾಪ್ಟರಿನಲ್ಲಿ ಹದಿನೈದು ತೂತು, ಕೇಬಲಿನ ತುದಿಯಲ್ಲಿ ಹದಿನಾಲ್ಕೇ ಪಿನ್ನು. ಬೆಳಿಗ್ಗೆ ಆ ಕೇಬಲ್ ಸರಿಸಿ ಮೇಜು ಒರೆಸಿದವರು ಅತ್ತಿಗೆ.

“ಮುರುದು ಇಟ್ಟಿಯಲ್ಲ! ಲಗ್ನಪತ್ರಿಕಿಯವ್ರಿಗೆ ಏನ್ ಹೇಳ್ಲಿ?” ಎಂದು ಅಣ್ಣ ಗಿರಾಕಿಗಳ ಎದುರೇ ರೇಗಿದ.

ಅತ್ತಿಗೆ ಗುಡಿಸಿಟ್ಟ ಕಸವನ್ನೆಲ್ಲ ಮೊರಕ್ಕೆ ಸುರುವಿ ಅಕ್ಕಿಯಂತೆ ಆರಿಸಿದರು. “ಸ್ಟೇಪ್ಲರ್ ಪಿನ್ ಅದಾವು, ನಿಮ್ಮ ಪಿನ್ ಇಲ್ರಿ. ನಾ ಮುರಿದಿದ್ರ ಇಲ್ಲೇ ಇರಬೇಕಿತ್ತಲ್ರಿ?”

ಮರುದಿನ ಬೇರೆ ಅಡಾಪ್ಟರ್ ಹಾಕಿದಾಗ ಅದೇ ಕೇಬಲಿನಲ್ಲಿ ಪರದೆ ಬೆಳಗಿತು. ಆದರೂ ‘ಪಿನ್ ಮುರಿದಾಕಿ’ ಎಂಬ ಮಾತು ವರ್ಷಗಟ್ಟಲೆ ನಮ್ಮ ಮನೆಯ ನಗೆಯಾಗಿ ಉಳಿಯಿತು. ಅತ್ತಿಗೆ ನಕ್ಕ ನೆನಪಿಲ್ಲ.

ಮೊನ್ನೆ ಅನುಮಾನ ತಾಳದೆ ಹುಡುಕಿ ಓದಿದೆ. ಅಂಥ ಕೇಬಲುಗಳಲ್ಲಿ ಹದಿನೈದರ ಪೈಕಿ ಒಂಬತ್ತನೆಯ ಪಿನ್ನನ್ನು ಬಹಳಷ್ಟು ತಯಾರಕರು ಹಾಕುತ್ತಲೇ ಇರಲಿಲ್ಲ.