ಕೂಸು ಕೊಟ್ಟವರ ಪಕ್ಷ

ಕಾಫಿ ಬೆಲೆ ಬಿದ್ದ ವರ್ಷ ಬಾಳೂರು ಕಡೆಯ ಒಂದು ಎಸ್ಟೇಟಿನವರು ಆಳುಗಳ ಮಕ್ಕಳಿದ್ದ ಕೂಸಿನ ಮನೆಯನ್ನು ಖಾಲಿ ಮಾಡಿಸಿದರು. ಅದರೊಳಗೆ ಗೊಬ್ಬರದ ಮೂಟೆ ಪೇರಿಸಿ ಬೀಗ ಹಾಕಿದರು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಾ ಕೃಷ್ಣಮ್ಮನವರನ್ನು ಕೆಲಸದಿಂದ ತೆಗೆದರು. ಹಣ್ಣು ಕುಯ್ಯುವ ತಾಯಂದಿರು ಕೂಸುಗಳನ್ನು ಗಿಡದ ಬುಡದಲ್ಲಿ ಮಲಗಿಸಿದರು. ಸಾವಿತ್ರಮ್ಮ ಎಂಬಾಕೆಯ ಮಗುವಿಗೆ ಚಗಳಿ ಇರುವೆ ಮುತ್ತಿ ಮೈಯೆಲ್ಲ ಬಾತುಕೊಂಡಿತು.

ಅದಾಗಿ ನಾಲ್ಕು ವರ್ಷ. ಈಗ 2006ರ ಮಾರ್ಚ್. ಮಂಜು ಇನ್ನೂ ಕರಗಿಲ್ಲ, ಆಳುಗಳ ಸಾಲುಮನೆಗಳ ಕೆಳಗಿನ ಲೈನಿನಲ್ಲಿ, ಕೊನೆಯದಾದ ಕೃಷ್ಣಮ್ಮನ ಮನೆಯಲ್ಲಿ ಆಗಲೇ ಸಂತೆಯ ಗದ್ದಲ. ಜಂತಿಯಿಂದ ಇಳಿಬಿಟ್ಟ ಹಳೇ ಸೀರೆಗಳೇ ತೊಟ್ಟಿಲು. ಕೃಷ್ಣಮ್ಮ ಒಂದು ಕಾಲಲ್ಲಿ ತೊಟ್ಟಿಲು ತೂಗುತ್ತಾ, ಇನ್ನೊಂದು ಕೂಸಿನ ಮೂಗು ಒರೆಸುತ್ತಾ, ಬಾಗಿಲಿಗೆ ಬಂದವರಿಂದ ಮತ್ತೊಂದನ್ನು ಇಸಿದುಕೊಳ್ಳುತ್ತಾರೆ.

"ಇವನಿಗೆ ಬಿಸ್ಕತ್ತು ಕೊಡ್ಬೇಡ ಮಾರಾಯ್ತಿ, ಅನ್ನ ಬಿಡ್ತಾನೆ," ಎಂದು ಮೊಮ್ಮಗನನ್ನು ಇಳಿಸುತ್ತಾರೆ ಸೆವ್ರಿನ್ ಬಾಯಿ.

"ಅವನ ಚಡ್ಡಿ ಜೇಬಲ್ಲಿ ಬಿಸ್ಕತ್ತು ತುಂಬಿ ಕಳ್ಸೋದು ಯಾರು ಬಾಯಿ, ನಾನಾ?"

ಎಲ್ಲರೂ ನಗುತ್ತಾ ಕೆಲಸಕ್ಕೆ ಓಡುತ್ತಾರೆ. ಕೃಷ್ಣಮ್ಮ ಇದಕ್ಕೆ ಇಷ್ಟೆಂದು ಕೇಳುವುದಿಲ್ಲ. ಒಬ್ಬರು ಅಕ್ಕಿ ಕೊಡುತ್ತಾರೆ, ಒಬ್ಬರು ಸೌದೆ ಹಾಕುತ್ತಾರೆ.

ಮೊದಲು ಹೀಗಿರಲಿಲ್ಲ. ಕೃಷ್ಣಮ್ಮ ದಲಿತರ ಲೈನಿನವರು. ಮೇಲಿನ ಲೈನಿನ ಸಾವಿತ್ರಮ್ಮ ಭಜನಾ ಮಂಡಳಿಯ ಮುಂದಾಳು. ಇರುವೆ ಕಚ್ಚಿದ ಮೇಲೆ ಬೇರೆ ದಾರಿಯಿಲ್ಲದೆ ಮಗುವನ್ನು ಇಲ್ಲಿಗೆ ತಂದರು, ಜೊತೆಗೆ ತಮ್ಮ ಮನೆಯ ನೀರನ್ನೂ ಬಾಟಲಿಯಲ್ಲಿ ತಂದಿಟ್ಟರು. "ಮಗು ಆ ಬಾಟಲಿ ಉರುಳ್ಸಿ ನಮ್ಮ ಕೊಡಪಾನಕ್ಕೇ ಕೈ ಹಾಕ್ತು. ಅದಕ್ಕೆ ಬುದ್ಧಿ ಹೇಳೋಕೆ ನಾನ್ಯಾರು?" ಎಂದು ಕೃಷ್ಣಮ್ಮ ಕಣ್ಣು ಮಿಟುಕಿಸುತ್ತಾರೆ.

ಆದರೆ ಲೈನ್ ಮನೆಯ ಒಂದು ಕೋಣೆಯಲ್ಲಿ ಎಷ್ಟು ಮಕ್ಕಳು ಹಿಡಿದಾವು? ಎಸ್ಟೇಟಿನ ಗೇಟಿನಾಚೆ ಸರ್ಕಾರಿ ಜಾಗವಿದೆ, ಅಲ್ಲೊಂದು ಅಂಗನವಾಡಿ ಕಟ್ಟಿಸಿಕೊಡಿ ಎಂದು ಹೆಂಗಸರು ಪಂಚಾಯಿತಿಗೆ ಅಲೆದರು. ಅಲ್ಲಿ ಕುರ್ಚಿ ತುಂಬ ಸಾಹುಕಾರರ ಕಡೆಯವರು. ಇವರ ಮಾತು ಕಿವಿಗೇ ಬೀಳಲಿಲ್ಲ. ಹಾಗಾದರೆ ನಮ್ಮವಳೊಬ್ಬಳನ್ನೇ ಆ ಕುರ್ಚಿಯಲ್ಲಿ ಕೂರಿಸೋಣ ಎಂದವರು ಕೃಷ್ಣಮ್ಮ. ಇಲ್ಲೇ ಕೂಸು ಬಿಡುತ್ತಿದ್ದ, ಮಾತಿಗೆ ಗಟ್ಟಿಯಾದ ಐಸಮ್ಮ ಓಟಿಗೆ ನಿಲ್ಲುವುದೆಂದಾಯಿತು.

ಎಡವಟ್ಟಾದದ್ದು ಅಲ್ಲೇ. ಈ ಕಡೆ ಓಟಿಗೆ ಕೊಟ್ಟ ಮಾತು ಉಳಿಯಬೇಕಾದರೆ ಆಣೆ ಆಗಬೇಕು. ಕೃಷ್ಣಮ್ಮನೂ ಅದೇ ಪದ್ಧತಿಯಂತೆ ಹೊರನಾಡಿನ ದೇವಸ್ಥಾನದ ಕುಂಕುಮ ತರಿಸಿ ಎಲೆಯ ಮೇಲಿಟ್ಟು, ಎಲ್ಲರೂ ಮುಟ್ಟಿ ಎಂದರು. ಐಸಮ್ಮ ಕೈ ಹಿಂದಕ್ಕೆಳೆದುಕೊಂಡರು.

"ನಾನು ನಂಬದ ದೇವ್ರ ಮೇಲೆ ಆಣೆ ಇಟ್ರೆ ಅದು ನಿಮ್ಗೂ ಸುಳ್ಳು, ನನ್ನ ಅಲ್ಲಾಹುಗೂ ಸುಳ್ಳು."

ಇಗರ್ಜಿಗೆ ಹೋಗುವ ಸೆವ್ರಿನ್ ಬಾಯಿಯೂ ಮುಟ್ಟಲಿಲ್ಲ. "ಮುಟ್ಟದವ್ರನ್ನ ನಂಬೋದು ಹೆಂಗೆ?" ಎಂದು ಸಾವಿತ್ರಮ್ಮ ಎದ್ದರು. ಸಭೆ ಚೆಲ್ಲಾಪಿಲ್ಲಿ.

ಮಾರನೇ ಬೆಳಗ್ಗೆ ಮೂವರೂ ಮುಖ ಊದಿಸಿಕೊಂಡು ಬಂದರು. ಒಬ್ಬರನ್ನೊಬ್ಬರು ನೋಡದೆ, ಕೂಸುಗಳನ್ನು ಕೃಷ್ಣಮ್ಮನ ಕೈಗಿಟ್ಟು ಹೊರಟರು. ಕೃಷ್ಣಮ್ಮ ಕೂಗಿ ನಿಲ್ಲಿಸಿದರು: "ಕರುಳಿನ ಕೂಸನ್ನೇ ಇಲ್ಲಿ ಬಿಟ್ಟು, ತಿರುಗಿ ನೋಡ್ದೆ ಹೋಗ್ತೀರಲ್ಲ, ಇನ್ಯಾವ ಆಣೆ ಬೇಕು? ತಪ್ಪು ನಂದು. ಕುಂಕುಮ ದೇವ್ರ ಮುಂದೆ ಇರ್ಲಿ."

ಅಂದಿನಿಂದ ಈ ಕೂಟಕ್ಕಿರುವುದು ಎರಡೇ ಕಟ್ಟಳೆ. ಮೊದಲು ಮಕ್ಕಳ ಮಾತು, ಜಗಳ ಆಮೇಲೆ. ಯಾರೂ ಯಾರನ್ನೂ ತಿದ್ದುವಂತಿಲ್ಲ. ಜಗಳವೇನೂ ಕಡಿಮೆಯಾಗಿಲ್ಲ. ಸೆವ್ರಿನ್ ಬಾಯಿ ಕ್ರಿಸ್ಮಸ್‌ಗೆ ದ್ರಾಕ್ಷಿ ವೈನು ಹಾಕಿಟ್ಟ ಭರಣಿ ಕಂಡರೆ ಸಾವಿತ್ರಮ್ಮನಿಗೆ ಈಗಲೂ ಉರಿ: "ಇದೂ ಸಾರಾಯೇ."

"ನಿನ್ನ ಭಜನೆ ಮೈಕಿನಷ್ಟು ತಲೆ ತಿರುಗ್ಸಲ್ಲ ಬಿಡು!"

ಬಾಯಿಯ ಮನೆಯಲ್ಲಿ ಹಂದಿ ಬೇಯುವ ದಿನ ಐಸಮ್ಮ ಆ ಓಣಿಗೇ ಕಾಲಿಡುವುದಿಲ್ಲ. ಆದರೆ ಓಟಿನ ಹೊತ್ತಿಗೆ ಮೇಲಿನ ಲೈನಿನಲ್ಲಿ ಮನೆಮನೆ ಹತ್ತಿಳಿದು ಐಸಮ್ಮನಿಗೆ ಓಟು ಕೇಳಿದ್ದು ಇದೇ ಸಾವಿತ್ರಮ್ಮ. ಐಸಮ್ಮ ಗೆದ್ದರು. ಗೆದ್ದವರು ಒಂದು ವರ್ಷ ಬೆನ್ನು ಬಿಡದೆ ಅಂಗನವಾಡಿ ಮಂಜೂರು ಮಾಡಿಸಿದರು.

ಇವತ್ತು ಅದರ ಗುದ್ದಲಿ ಪೂಜೆ. ಗೇಟಿನಾಚೆ ಇಂಜಿನಿಯರ ಜೀಪು ಬಂದು ನಿಂತಿದೆ. ಮಾರ್ಚ್ ಮುಗಿಯುತ್ತಿದೆ, ಜೊತೆಗೆ ಸರ್ಕಾರದ ಲೆಕ್ಕದ ವರ್ಷವೂ. ಈಗ ಕೆಲಸ ಶುರುವಾಗದಿದ್ದರೆ ಕಟ್ಟಡ ಬೇರೆ ಊರಿನ ಪಾಲು. ಏನು ಹೇಗೆಂದು ಹೆಂಗಸರು ಮೊದಲೇ ಮಾತಾಡಿಕೊಂಡಿದ್ದಾರೆ. ಪೂಜೆ ಮುಗಿಯುವ ತನಕ ಐಸಮ್ಮ ರಸ್ತೆ ಬದಿ ನಿಲ್ಲುವುದು, ಆಮೇಲೆ ಬಂದು ಮೊದಲ ಗುದ್ದಲಿ ಹಾಕುವುದು. ಅದು ಐಸಮ್ಮನೇ ಹೇಳಿದ ಏರ್ಪಾಡು.

ಕೃಷ್ಣಮ್ಮ ಮಕ್ಕಳ ದಂಡು ಕಟ್ಟಿಕೊಂಡು ಬರುವಷ್ಟರಲ್ಲಿ ಪಂಚಾಯಿತಿಯ ಇನ್ನೊಬ್ಬ ಮೆಂಬರು ಓಂಕಾರಮೂರ್ತಿ ಬಿಳಿ ಪಂಚೆ ಎತ್ತಿ ಕಟ್ಟಿ ಅಪ್ಪಣೆ ಕೊಡಿಸುತ್ತಿದ್ದಾರೆ.

"ಆಕೆ ಗುದ್ದಲಿ ಮುಟ್ಟೋದು ಬೇಡ. ಊರಲ್ಲಿ ಸುಮ್ನೆ ಮಾತು ಬರುತ್ತೆ. ಮನೆಗೆ ಹೋಗ್ಲಿ. ನಾನೇ ಹಾಕ್ತೀನಿ. ಸಾವಿತ್ರಮ್ಮ, ದೀಪ ಹಚ್ಚಿ."

ಓಟು ಗೆದ್ದವಳಿಗೆ, ಮಂಜೂರು ಮಾಡಿಸಿದವಳಿಗೆ, ಅದೇ ಮಣ್ಣಿನ ಮೇಲೆ ನಿಲ್ಲುವ ಹಕ್ಕಿಲ್ಲವಂತೆ!

ರಸ್ತೆ ಬದಿಯಿಂದ ಐಸಮ್ಮ ಕೂಗುತ್ತಾರೆ: "ಹಚ್ಚು ಸಾವಿತ್ರಕ್ಕ. ನಾನು ಹೋಗ್ತೀನಿ. ಮಕ್ಕಳಿಗೆ ಸೂರಾಗ್ಲಿ."

"ಬಾಯಿ ಮುಚ್ಕೊಂಡು ನಿಲ್ಲೇ ಅಲ್ಲಿ!" ಸಾವಿತ್ರಮ್ಮ ಆರತಿ ತಟ್ಟೆಯನ್ನು ಕಲ್ಲಿನ ಮೇಲಿಟ್ಟು, ಬೆಂಕಿಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

ಇಂಜಿನಿಯರು ಗಡಿಯಾರ ನೋಡಿಕೊಳ್ಳುತ್ತಾರೆ. ಡ್ರೈವರು ಜೀಪು ಸ್ಟಾರ್ಟ್ ಮಾಡುತ್ತಾನೆ. ಓಂಕಾರಮೂರ್ತಿ ಬೆವರು ಒರೆಸುತ್ತಾ ಕೃಷ್ಣಮ್ಮನ ಕಡೆ ತಿರುಗುತ್ತಾರೆ.

"ಕೃಷ್ಣಮ್ಮ, ನಿನ್ನ ಮಾತಾದ್ರೆ ಸಾವಿತ್ರಮ್ಮ ಕೇಳ್ತಾಳೆ. ಕಟ್ಟಡ ಕೈ ತಪ್ಪುತ್ತೆ ನೋಡು. ಹಚ್ಚು ಅಂತ ಹೇಳು."

ಕೃಷ್ಣಮ್ಮ ಅಲ್ಲೇ ಮಣ್ಣಿನ ಮೇಲೆ ಕಾಲು ಚಾಚಿ ಕೂರುತ್ತಾರೆ.

"ಹೇಳಲ್ಲ ಮೂರ್ತಿಗಳೇ. ಜೀಪು ಹೋದ್ರೆ ಹೋಗ್ಲಿ. ಐಸಮ್ಮ ಹೋಗಲ್ಲ."