ಬಿದ್ದಲ್ಲೇ ಎಬ್ಬಿಸಬೇಡಿ

ಅವರ ಬಲಗೈ ತೋರುಬೆರಳಿನ ತುದಿ ಸದಾ ಬಿರಿದಿರುತ್ತಿತ್ತು. ಆಸ್ಪತ್ರೆಯಲ್ಲಿ ದಿನವಿಡೀ ಸ್ಪಿರಿಟ್‌ನಲ್ಲಿ ಕೈ ಉಜ್ಜಿ ಉಜ್ಜಿ ಚರ್ಮ ಒಣಗಿ, ಚಳಿಗಾಲದಲ್ಲಿ ಆ ಸೀಳಿನಿಂದ ರಕ್ತ ಜಿನುಗುತ್ತಿತ್ತು. ಮನೆಗೆ ಬಂದವರೇ ತೆಂಗಿನೆಣ್ಣೆ ಹಚ್ಚಿಕೊಳ್ಳುವರು. ಎಣ್ಣೆಗೈಯಲ್ಲಿ ಮೌಸ್ ಜಾರುತ್ತದೆಂದು ಗಾಯಕ್ಕೆ ಅಂಟಿಸುವ ಬಿಳಿ ಟೇಪನ್ನು ಮೌಸಿಗೇ ಸುತ್ತಿಟ್ಟಿದ್ದರು. ಶನಿವಾರ ಮಧ್ಯಾಹ್ನ ಅದೇ ಬೆರಳಿನಿಂದ ಕಂಪ್ಯೂಟರಿನಲ್ಲಿ ಬಂದೂಕು ಹಾರಿಸುತ್ತಿದ್ದರು.

ಓರೆಬ್ರೂ ಊರಿನ ನಾವು ಕನ್ನಡದವರೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಉಡುಪಿ ಕಡೆಯ ಕ್ರಿಶ್ಚಿಯನ್ ಮನೆಯವರು. ಗಲ್ಫಿನಲ್ಲಿ ನರ್ಸ್ ಆಗಿದ್ದು, ಗಂಡ ತೀರಿಕೊಂಡ ಮೇಲೆ ಪುಟ್ಟ ಮಗಳನ್ನು ಕರೆದುಕೊಂಡು ಸ್ವೀಡನ್‌ಗೆ ಬಂದಿದ್ದರು. ತೀವ್ರ ನಿಗಾ ಘಟಕದಲ್ಲಿ ಕೆಲಸ. ಧಾರವಾಡದಿಂದ ಪಿಎಚ್‌ಡಿ ಮಾಡಲು ಬಂದ ನಾನು ಅವರ ಕೆಳಗಿನ ಮಹಡಿಯಲ್ಲಿ ಬಾಡಿಗೆಗಿದ್ದೆ. ಬಂದ ಹೊಸತರಲ್ಲಿ ಜ್ವರ ಹಿಡಿದು ಮಲಗಿದ್ದಾಗ ಗಂಜಿ ಹಿಡಿದುಕೊಂಡು ಬಂದು, ಹಣೆ ಮುಟ್ಟುವ ಮೊದಲು ನನ್ನ ಉಸಿರನ್ನೇ ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದರು. ಅದು ಅವರ ಅಭ್ಯಾಸ. ಬಸ್ಸಿನಲ್ಲಿ ಯಾರಾದರೂ ತೂಕಡಿಸುತ್ತಿದ್ದರೂ ಅವರ ಕಣ್ಣು ಮೊದಲು ಹೋಗುತ್ತಿದ್ದದ್ದು ಎದೆಯ ಏರಿಳಿತದ ಕಡೆಗೆ.

ಆಟ ಕಲಿತದ್ದು ಮಗಳಿಗಾಗಿ. ಮಗಳು ಶಾಲೆಯಲ್ಲಿದ್ದಾಗಿನಿಂದ ಗುಂಡು ಹಾರಿಸುವ ಆನ್‌ಲೈನ್ ಆಟ ಆಡುತ್ತಿದ್ದಳು. ದೊಡ್ಡವಳಾಗಿ ಗೋಥೆನ್‌ಬರ್ಗ್‌ನ ಲಿಂಡ್‌ಹೋಲ್ಮೆನ್‌ನಲ್ಲಿ ಒಂದು ಸಾಫ್ಟ್‌ವೇರ್ ಆಫೀಸು ಸೇರಿದ ಮೇಲೆ ಅಮ್ಮನಿಗೆ ಫೋನು ಮಾಡಿದರೆ ಊಟ, ಹವೆ, ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಆಟದೊಳಗಾದರೆ ತಾಸುಗಟ್ಟಲೆ ಮಾತಾಡುತ್ತಾಳೆಂದು ಸಿಸ್ಟರ್‌ಗೆ ಗೊತ್ತಿತ್ತು. ಅವಳು ಬಿಟ್ಟುಹೋದ ಹಳೆಯ ಕಂಪ್ಯೂಟರ್ ಒರೆಸಿ ಕೂತರು. ನನ್ನನ್ನೂ ಸೇರಿಸಿಕೊಂಡರು. ಶನಿವಾರ ಮಧ್ಯಾಹ್ನ ಗೋಥೆನ್‌ಬರ್ಗ್‌ನಿಂದ ಮಗಳು, ಇಲ್ಲಿಂದ ನಾವಿಬ್ಬರು, ಒಂದೇ ತಂಡ. ಮುಗಿಯುವ ಹೊತ್ತಿಗೆ ಚಹಾ ಆಗಿರಬೇಕೆಂದು ಸಿಸ್ಟರ್ ಒಲೆಯ ಮೇಲೆ ಸಿಳ್ಳೆ ಹಾಕುವ ಕೆಟಲ್ ಇಟ್ಟೇ ಕೂರುತ್ತಿದ್ದರು.

ಗುರಿ ಇಟ್ಟು ಹೊಡೆಯುವುದು ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲ. ತಂಡದಲ್ಲಿ ಯಾರಾದರೂ ಬಿದ್ದರೆ ಹೋಗಿ ಎಬ್ಬಿಸುವ ಪಾತ್ರವನ್ನೇ ಆರಿಸಿಕೊಳ್ಳುತ್ತಿದ್ದರು. ಗುಂಡಿನ ಮಳೆಯ ನಡುವೆ ನಾನು ಓಡಹೊರಟರೆ ಹೆಡ್‌ಸೆಟ್‌ನಲ್ಲಿ, "ಸುಮ್ಮನೆ ಓಡಬೇಡ ಮಾರಾಯ್ತಿ. ಮೊದಲು ನೋಡು" ಎನ್ನುವರು.

ಆ ಚಳಿಗಾಲ ನಮ್ಮ ಕಟ್ಟಡದ ಇಂಟರ್‌ನೆಟ್ ಕೆಟ್ಟಿತು. ನೆಲ ಹೆಪ್ಪುಗಟ್ಟಿದ್ದರಿಂದ ಕೇಬಲ್ ಅಗೆಯಲು ವಸಂತ ಬರಲಿ ಎಂದರು ಕಂಪನಿಯವರು. ನಾನು ಮೊಬೈಲಿನ ಇಂಟರ್‌ನೆಟ್‌ನಿಂದ ಆಡುತ್ತಿದ್ದೆ, ಕೇಬಲನ್ನೇ ನೆಚ್ಚಿದ್ದ ಸಿಸ್ಟರ್‌ನ ಆಟ ತಡವರಿಸತೊಡಗಿತು; ಇದಕ್ಕೆ ಲ್ಯಾಗ್ ಎನ್ನುತ್ತಾರೆ. ಆಟದಲ್ಲಿ ಸತ್ತವರು ಮತ್ತೆ ಹುಟ್ಟಿ ಬರುವುದು ದೂರದ ತಮ್ಮ ಠಾಣೆಯಲ್ಲಿ. ಆದರೆ ಲೈನು ತಡವಾದಾಗ ಅವರ ಸಾವಿನ ಸುದ್ದಿ ಆಟ ನಡೆಸುವ ಸರ್ವರ್‌ಗೆ ಸರಿಯಾಗಿ ಮುಟ್ಟದೆ, ಬಿದ್ದ ಜಾಗದಲ್ಲೇ, ಶತ್ರುವಿನ ಎದುರಿಗೇ ಅದು ಅವರನ್ನು ಎಬ್ಬಿಸಿ ನಿಲ್ಲಿಸುತ್ತಿತ್ತು. ಯಾವ ಕೀ ಒತ್ತಿದರೂ ಅಲುಗಾಡಲಾಗದು. ಮತ್ತೆ ಗುಂಡು, ಮತ್ತೆ ಬೀಳುವುದು, ಮತ್ತೆ ಅಲ್ಲೇ ಏಳುವುದು.

ಒಂದು ಶನಿವಾರ ನಾನು ಅವರ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾಗ ಈ ದೋಷ ಬಿಡದೆ ಹಿಡಿಯಿತು. ಎದುರಾಳಿಗಳಿಗೆ ಮೋಜಾಗಿ ಅವರ ಸುತ್ತಲೇ ಗುಂಪುಗೂಡಿದರು. ಎದ್ದೊಡನೆ ಹೊಡೆಯುವುದು, ನಗುವುದು. ಮಗಳೂ ನಗುತ್ತ, ಅಮ್ಮಾ ನಿನಗೆ ಸಾವೇ ಇಲ್ಲ ಎಂದು ಸ್ವೀಡಿಷ್‌ನಲ್ಲಿ ಕೂಗಿದಳು. ನಾನೂ ನಗುತ್ತ ತಿರುಗಿದೆ. ಸಿಸ್ಟರ್ ನಗುತ್ತಿರಲಿಲ್ಲ. ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟು, ಪರದೆಯಲ್ಲಿ ಬೀಳುತ್ತ ಏಳುತ್ತ ಇದ್ದ ತಮ್ಮದೇ ಗೊಂಬೆಯನ್ನು ನೋಡುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು.

ಗಲ್ಫಿನಲ್ಲಿದ್ದಾಗ ತಾವು ನೋಡಿಕೊಂಡ ಒಬ್ಬ ಮುದುಕನ ಕಥೆಯನ್ನು ಆಗ ಹೇಳಿದರು. ಅವನ ಹೃದಯ ನಿಂತಾಗಲೆಲ್ಲ ಇವರು ಎದೆ ಒತ್ತಿ ಎಬ್ಬಿಸಿದರು. ಅಂಗೈ ಕೆಳಗೆ ಪಕ್ಕೆಲುಬು ಮುರಿದದ್ದು ಗೊತ್ತಾಗುತ್ತಿತ್ತಂತೆ. ಪ್ರತಿ ಸಲ ಕಣ್ಣು ತೆರೆದಾಗಲೂ ಅವನು ಇವರನ್ನೇ ನೋಡುತ್ತಿದ್ದನಂತೆ. ಹೊರಗೆ ಮನೆಯವರು ದೇವರಿಗೆ ಕೈಮುಗಿಯುತ್ತಿದ್ದರು. ಒಳಗೆ ಅವನಿಗೆ ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ.

ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಎಣ್ಣೆಯ ಜಿಡ್ಡು ಈಗಲೂ ನೆನಪಿದೆ.

"ನನ್ನ ಹಾರ್ಟು ಸರಿ ಇಲ್ಲ. ಮಗಳಿಗೆ ಹೇಳ್ಲಿಲ್ಲ. ನಿಂತರೆ ಒಂದು ಸಲ ಎಬ್ಬಿಸ್ಲಿ, ಬೇಡ ಹೇಳುದಿಲ್ಲ. ಬಿದ್ದಲ್ಲೇ ಮತ್ತೆ ಮತ್ತೆ ಎಬ್ಬಿಸುದು ಬೇಡ. ನನಗೆ ಅದಾಗ್ಲಿಕ್ಕಿಲ್ಲ. ನೆನಪಿಟ್ಕೋ."

ಅವರು ಮೆಟ್ಟಿಲು ಹತ್ತುವಾಗ ನನ್ನ ಬಾಗಿಲ ಹತ್ತಿರ ನಿಂತು ಬ್ಯಾಗಿನಲ್ಲಿ ಕೀಲಿ ಹುಡುಕುತ್ತಿದ್ದದ್ದು ಯಾಕೆಂದು ಆಗ ಹೊಳೆಯಿತು. ಅವರ ಬಾಗಿಲು ಇನ್ನೂ ಒಂದು ಮಹಡಿ ಮೇಲಿತ್ತು. ಮಗಳಿಗೂ ಡಾಕ್ಟರಿಗೂ ನೀವೇ ಹೇಳಿ ಸಿಸ್ಟರ್ ಎಂದೆ. ಈಸ್ಟರ್‌ಗೆ ಅವಳು ಬರುತ್ತಾಳೆ, ಕೂರಿಸಿ ಹೇಳುತ್ತೇನೆ ಎಂದರು. ಹೆಡ್‌ಸೆಟ್ ಹಾಕಿಕೊಂಡು ಮಗಳೊಡನೆ ಏನೂ ಆಗದವರಂತೆ ಮಾತಾಡಿದರು. ಅವತ್ತಿನಿಂದ ನನಗೆ ರಾತ್ರಿ ಮಲಗುವಾಗ ಮೇಲಿನ ಮನೆಯ ಹೆಜ್ಜೆ ಸದ್ದಿಗೆ ಕಿವಿಗೊಡುವುದು ರೂಢಿಯಾಯಿತು. ತಮ್ಮ ಮನೆಯ ಇನ್ನೊಂದು ಕೀಲಿಯನ್ನು ಅವರು ನನ್ನ ಕೈಗೆ ಕೊಟ್ಟರು. ಅದನ್ನು ನನ್ನ ಕೀಲಿಗೊಂಚಲಿಗೆ ಸೇರಿಸಿಕೊಂಡೆ.

ಈಸ್ಟರ್‌ಗೆ ಮುಂಚಿನ ಒಂದು ಶನಿವಾರ ನನಗೆ ನೆಗಡಿ. ಅವರಿಗೆ ಹತ್ತಬಾರದೆಂದು ಕೆಳಗೆ ನನ್ನ ಮನೆಯಲ್ಲೇ ಕೂತು ಆಡುತ್ತಿದ್ದೆ. ಆಟದೊಳಗೆ ಒಂದು ಸೇತುವೆ ದಾಟುವಾಗ ಸಿಸ್ಟರ್‌ನ ಗೊಂಬೆ ನಡುದಾರಿಯಲ್ಲಿ ನಿಂತುಬಿಟ್ಟಿತು. ಅಮ್ಮನಿಗೆ ಮತ್ತೆ ಲ್ಯಾಗ್ ಎಂದು ಮಗಳು ನಕ್ಕಳು. ಯಾರೋ ಗುಂಡು ಹಾರಿಸಿದರು, ಸಿಸ್ಟರ್ ಬಿದ್ದರು. ಅಲ್ಲೇ ಏಳುತ್ತಾರೆಂದು ನಾನು ಸೇತುವೆಯನ್ನೇ ನೋಡುತ್ತಿದ್ದೆ. ಏಳಲಿಲ್ಲ. ಹಿಂದಕ್ಕೆ ತಿರುಗಿದರೆ ಠಾಣೆಯಲ್ಲಿ, ಎಲ್ಲರೂ ಏಳುವ ಜಾಗದಲ್ಲಿ, ಸರಿಯಾಗಿಯೇ ಎದ್ದು ನಿಂತಿದ್ದರು. ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಹೆಡ್‌ಸೆಟ್‌ನಲ್ಲಿ ಅವರ ಕೆಟಲ್ ಸಿಳ್ಳೆ ಹಾಕುತ್ತಿತ್ತು. ಲೈನು ಕೆಟ್ಟಿದ್ದರೆ ಆ ಸದ್ದು ಕತ್ತರಿಸಿ ಕತ್ತರಿಸಿ ಬರಬೇಕಿತ್ತು. ಅದು ಎಲ್ಲೂ ಕಡಿಯದೆ ಕೇಳುತ್ತಲೇ ಇತ್ತು, ಯಾರೂ ಆರಿಸುತ್ತಿರಲಿಲ್ಲ.

ಲ್ಯಾಗ್ ಅಲ್ಲ ಎಂದಷ್ಟೇ ಮಗಳಿಗೆ ಹೇಳಿ ಮೆಟ್ಟಿಲು ಹತ್ತಿ, ಅವರು ಕೊಟ್ಟ ಕೀಲಿಯಿಂದ ಬಾಗಿಲು ತೆರೆದೆ. ಅಡುಗೆಮನೆಯೆಲ್ಲ ಹಬೆ. ಸಿಸ್ಟರ್ ಕುರ್ಚಿಯಿಂದ ಜಾರಿ ಮೇಜಿನ ಕಾಲಿಗೆ ಒರಗಿ ಬಿದ್ದಿದ್ದರು. ಕಳಚಿದ ಹೆಡ್‌ಸೆಟ್‌ನೊಳಗಿಂದ ಮಗಳ ದನಿ ಸಣ್ಣದಾಗಿ ಅಮ್ಮಾ, ಅಮ್ಮಾ ಎಂದು ಕರೆಯುತ್ತಿತ್ತು. ಅವರ ಎದೆ ನೋಡಿದೆ. ಏರಲಿಲ್ಲ, ಇಳಿಯಲಿಲ್ಲ. ತುರ್ತು ಸೇವೆಗೆ ಫೋನು ಮಾಡಿ, ಸ್ಪೀಕರ್ ಹಾಕಿ ನೆಲದ ಮೇಲಿಟ್ಟು, ಫೋನಿನಲ್ಲಿದ್ದ ಹೆಂಗಸು ಹೇಳಿಕೊಟ್ಟಂತೆ ಎದೆ ಒತ್ತಿದೆ. ಆಂಬುಲೆನ್ಸಿನವರು ಬಂದು ನನ್ನ ಭುಜ ಹಿಡಿದು ಸರಿಸುವವರೆಗೂ ಒತ್ತಿದೆ. ಅವರ ಯಂತ್ರ ಕೊಟ್ಟ ವಿದ್ಯುತ್ ಆಘಾತಕ್ಕೆ ಹೃದಯ ಮತ್ತೆ ಬಡಿಯತೊಡಗಿತು.

ಸಿಸ್ಟರ್ ಇಷ್ಟು ವರ್ಷ ದುಡಿದ ಘಟಕದಲ್ಲೇ ಅವರನ್ನು ಮಲಗಿಸಿದರು. ಮಗಳು ರೈಲು ಹಿಡಿದು ಬರುವಷ್ಟರಲ್ಲಿ ಹೃದಯ ಮತ್ತೊಮ್ಮೆ ನಿಂತಿತ್ತು, ಮತ್ತೊಮ್ಮೆ ಎಬ್ಬಿಸಿದ್ದರು. ಸಂಜೆ ವೈದ್ಯೆ ನಮ್ಮಿಬ್ಬರನ್ನು ಸಣ್ಣ ಕೋಣೆಗೆ ಕರೆದಳು. ಸಿಸ್ಟರ್‌ನ ಜೊತೆ ಕೆಲಸ ಮಾಡಿದವಳು, ಅವಳ ಕಣ್ಣೂ ಕೆಂಪಾಗಿತ್ತು. ಮೆದುಳಿಗೆ ತುಂಬ ಪೆಟ್ಟಾಗಿದೆ, ಹೃದಯ ಮತ್ತೆ ನಿಲ್ಲುತ್ತದೆ, ಇಂಥ ಸ್ಥಿತಿಯಲ್ಲಿ ಏನು ಬೇಕೆಂದು ಅವರು ಯಾವತ್ತಾದರೂ ಹೇಳಿದ್ದರೇ ಎಂದು ಕೇಳಿದಳು. ಇಲ್ಲ, ಎಲ್ಲವನ್ನೂ ಮಾಡಿ ಎಂದಳು ಮಗಳು.

ನಾನು ಹೇಳಿದೆ. ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ.

ಮಗಳು ನನ್ನ ಮುಖವನ್ನೇ ನೋಡಿದಳು. "ಅಮ್ಮ ಆಟದ ಬಗ್ಗೆ ಹೇಳಿರ್ಬೇಕು" ಎಂದಳು. ಸ್ವೀಡಿಷ್ ಬಿಟ್ಟು ಅವಳು ನನ್ನೊಡನೆ ಕನ್ನಡ ಆಡಿದ್ದು ಅದೇ ಮೊದಲು. "ಗೇಮ್ ಬಗ್ಗೆ ಅಲ್ವಾ?"

ಹೌದು ಎಂದುಬಿಡಬಹುದಿತ್ತು. ಆ ಕೋಣೆಯಲ್ಲಿ ಎಲ್ಲರಿಗೂ ಅದೇ ಹಗುರವಾಗುತ್ತಿತ್ತು, ನನಗಂತೂ ಇನ್ನೂ ಹೆಚ್ಚು. "ಇಲ್ಲ" ಎಂದೆ. "ಹೆಡ್‌ಸೆಟ್ ತೆಗೆದಿಟ್ಟು ಹೇಳಿದ್ರು. ತಮ್ಮ ಬಗ್ಗೇನೇ ಹೇಳಿದ್ರು."

ಅವಳು ಎದ್ದು ಹೋಗಿ ಅಮ್ಮನ ಪಕ್ಕ ಬಹಳ ಹೊತ್ತು ಕೂತಳು. ಆಮೇಲೆ ವೈದ್ಯೆಯನ್ನು ಕರೆದು ಏನು ಹೇಳಿದಳೋ ನಾನು ಕೇಳಲಿಲ್ಲ. ಬೆಳಗ್ಗೆ ಹಿಮ ಬೀಳುತ್ತಿದ್ದಾಗ ಯಂತ್ರದ ಗೆರೆ ಕುಗ್ಗುತ್ತ ಬಂತು. ದಾದಿಯರು ಬಂದು ಸುತ್ತ ನಿಂತರು. ಎದೆಯ ಮೇಲೆ ಯಾರೂ ಕೈ ಇಡಲಿಲ್ಲ. ಮಗಳು ಆ ಬಿರಿದ ಬೆರಳನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಅವಳು ನನ್ನ ಕಡೆ ತಿರುಗಲಿಲ್ಲ. ನಾನೂ ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ. ಬೇಸಿಗೆಯಲ್ಲಿ ಮನೆ ಖಾಲಿ ಮಾಡಲು ಬಂದವಳು ನನ್ನ ಬಾಗಿಲು ತಟ್ಟಿದಳು. ಒಳಗೆ ಬಂದು ಕೂತು, ಅಮ್ಮ ಇದನ್ನು ನಿನಗೆ ಹೇಳಿದಳು, ನನಗೆ ಹೇಳಲಿಲ್ಲ ಯಾಕೆ ಎಂದು ಕೇಳಿದಳು. ನಿನಗೆ ಹೇಳಲು ಅವರಿಗೆ ಭಯವಿತ್ತು ಎಂದೆ. ಗುರುತಿಲ್ಲದವರ ನಿಂತ ಎದೆಗಳ ಮೇಲೆ ಹೆದರದೆ ಕೈಯಿಟ್ಟ ಹೆಂಗಸು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ವಿಷಯಕ್ಕೆ.

ಅವಳು ನನ್ನನ್ನು ಕ್ಷಮಿಸಿದ್ದಾಳೆಂದು ಅನ್ನಿಸುವುದಿಲ್ಲ. ಆದರೆ ಆಗಾಗ ಬರುತ್ತಾಳೆ. ಕಾಫಿ ಮುಟ್ಟುವ ಮೊದಲು, ಅವತ್ತು ಅಮ್ಮ ಹೇಳಿದ್ದನ್ನು ಇನ್ನೊಮ್ಮೆ ಹೇಳು ಎನ್ನುತ್ತಾಳೆ. ಹೇಳುತ್ತೇನೆ. ಅವಳು ನನ್ನ ತುಟಿಯನ್ನೇ ನೋಡುತ್ತಾ ಕೇಳುತ್ತಾಳೆ, ಎಲ್ಲಾದರೂ ಒಂದು ಮಾತು ಬದಲಾಗುತ್ತದೆಯೋ ಎಂದು ಕಾಯುವವಳ ಹಾಗೆ. ಬದಲಾಗಬಾರದು. ಅದನ್ನು ಕೇಳಿದವಳು ನಾನೊಬ್ಬಳೇ.