ದೆಸಾಂಕಾ ತೊಳೆದ ಹಂಡೆ

ನಮ್ಮ ಶುಮಾದಿಯಾ ಸೀಮೆಯ ಊರುಗಳಲ್ಲಿ ರಾಕಿಯಾ ಎಂಬ ಹಣ್ಣಿನ ಸಾರಾಯಿ ಇಳಿಸುವ ಭಟ್ಟಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ. ಮದುವೆಗೆ ಕರೆಯುತ್ತೇವೆ, ಸಾವಿಗೆ ಹೇಳಿ ಕಳಿಸುತ್ತೇವೆ. ಭಟ್ಟಿಗೆ ಮಾತ್ರ ಹೊಗೆಯೇ ಕರೆ. ಪೀಪಾಯಿಯಲ್ಲಿ ಪ್ಲಮ್ ಹಣ್ಣು ಹುಳಿತು ಸುಮ್ಮನಾದ ಮೇಲೆ ಯಾರ ಅಂಗಳದಲ್ಲಿ ಹೊಗೆ ಎದ್ದರೂ ಸರಿ, ಗಂಡಸರು ಒಣಗಿಸಿದ ಹಂದಿಮಾಂಸದ ತುಂಡೊಂದು ಹಿಡಿದು ಹೊರಟೇಬಿಡುತ್ತಾರೆ. ಬಾಯಿಬಿಟ್ಟು ಕರೆದರೆ ಆ ಮನೆಗೆ ಬರುವವರೇ ಗತಿಯಿಲ್ಲ ಎಂದು ಅರ್ಥ.

ಬೇಲಿಯಾಚೆಯ ದೆಸಾಂಕಾಳ ಗಂಡ ವೆಲಿಮೀರ್ ಭಟ್ಟಿ ಇಳಿಸುವುದರಲ್ಲಿ ಎತ್ತಿದ ಕೈ. ಹೆಸರು ಅವನದು, ಮಸಿ ಇವಳದು. ಗಂಡಸರು ಬೆಂಕಿಯ ಸುತ್ತ ಕೂತು ಬಾಯಿ ಚಪ್ಪರಿಸಿ ಎದ್ದುಹೋದ ಮೇಲೆ ಇವಳು ತಾಮ್ರದ ಹಂಡೆಯೊಳಗೆ ಭುಜದವರೆಗೆ ಕೈ ಇಳಿಸಿ ತಳದ ಗಸಿ ಕೆರೆಯುತ್ತಿದ್ದಳು. ಉಜ್ಜಲು ಬೂದಿ, ಸೇಬಿನ ಹುಳಿರಸ, ಬಟ್ಟೆಯ ಉಂಡೆ. ಕೊನೆಗೆ ಹಂಡೆಯಲ್ಲಿ ಬರೀ ನೀರು ಕುದಿಸಿ, ರಾಕಿಯಾ ಇಳಿಯುವ ಕೊಳವೆಯಲ್ಲಿ ಹಾಯಿಸುತ್ತಿದ್ದಳು. ಇಷ್ಟೆಲ್ಲ ಮಾಡಿಯೂ ರಾಕಿಯಾ ಒಂದು ತೊಟ್ಟು ನಾಲಿಗೆಗೆ ಹಾಕಿದವಳಲ್ಲ, ಅವಳಿಗದು ಆಗಿಬರುವುದಿಲ್ಲ.

ವಸಂತದಲ್ಲಿ ವೆಲಿಮೀರ್ ತೀರಿಕೊಂಡ. ಮಕ್ಕಳಿರಲಿಲ್ಲ. ಆದರೂ ಶರತ್ಕಾಲಕ್ಕೆ ದೆಸಾಂಕಾ ಹಣ್ಣು ಆರಿಸಿ ಪೀಪಾಯಿ ತುಂಬಿದಳು. ನನ್ನ ಬಳಿ ಒಂದೇ ಮಾತು ಹೇಳಿದ್ದಳು.

"ಈ ವರ್ಷವೂ ನಮ್ಮ ಅಂಗಳದಲ್ಲಿ ಜನ ಕೂರಬೇಕು ನೋಡು. ಬೇಸಿಗೆ ಪೂರ್ತಿ ಆ ಬೆಂಚಿನ ಮೇಲೆ ಕೋಳಿ ಬಿಟ್ರೆ ಯಾರೂ ಕೂತಿಲ್ಲ."

ಒಂದು ದಿನ ಅವಳ ಅಂಗಳದಲ್ಲಿ ಹೊಗೆ ಎದ್ದಿತು. ನನ್ನ ಗಂಡ ರಾದೊಯೆ ಮುಂದಾಗಿ ಐದಾರು ಜನ ಓಡಿದರು. ನೋಡಿದರೆ ಕೊಳವೆಯಿಂದ ಬಿಸಿನೀರು ತೊಟ್ಟಿಕ್ಕುತ್ತಿದೆ.

"ಏನತ್ತಿಗೆ, ನೀರು ಕುಡಿಸೋಕೆ ಇಷ್ಟು ಸೌದೆ ಸುಟ್ಯಾ?" ಎಂದ ರಾದೊಯೆ.

"ತೊಳೀತಿದೀನಪ್ಪ. ನಾನೇನು ನಿಮ್ಮನ್ನ ಕರೆದ್ನಾ?"

ಎಲ್ಲರೂ ನಕ್ಕರು, ಅವಳೂ ನಕ್ಕಳು. ತಂದ ಮಾಂಸ ಅಲ್ಲೇ ಸುಟ್ಟು ತಿಂದು ಬಂದರು. ಅಂದು ಅವಳ ಮುಖ ಅರಳಿದ್ದನ್ನು ನಾನು ಬೇಲಿಯಿಂದಲೇ ಕಂಡೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಂಡೆಯ ಕತ್ತಿನಲ್ಲಿ ಹಸಿರು ಕಿಲುಬು ಕಂಡಂತಾಗಿ ಮತ್ತೆ ಉಜ್ಜಿ, ಮತ್ತೆ ನೀರು ಕುದಿಸಿದಳು. ಇಬ್ಬರು ಬಂದು ಇಣುಕಿ ಹೋದರು. ಇನ್ನೊಮ್ಮೆ ಕೊಳವೆಯಲ್ಲಿ ಏನೋ ವಾಸನೆ ಎಂದಳು. ಆಗ ಯಾರೂ ಬರಲಿಲ್ಲ. ನನ್ನನ್ನು ಕೇಳಿದರೆ, ಅವಳಿಗೆ ಇದ್ದದ್ದು ಕಿಲುಬಿನ ಚಿಂತೆಯಲ್ಲ. ತೊಳೆಯುವುದು ಕೈಗೆ ಗೊತ್ತಿತ್ತು. ಇಳಿಸುವುದು ವೆಲಿಮೀರನ ಕೆಲಸ, ಅದಕ್ಕೆ ಕೈ ಹಾಕಲು ಅಂಜುತ್ತಿದ್ದಳು. ಊರಿನ ಬಾಯಿಗೆ ಅದೆಲ್ಲ ಯಾಕೆ ಬೇಕು? "ದೆಸಾಂಕಾಗೆ ತೊಳೆಯೋ ಹುಚ್ಚು ಹಿಡಿದಿದೆ" ಎಂದು ತೀರ್ಪು ಕೊಟ್ಟು ಕೂತರು.

ಆಮೇಲೊಂದು ಶನಿವಾರ ಬೆಳಿಗ್ಗೆಯೇ ಅವಳ ಅಂಗಳದಲ್ಲಿ ಹೊಗೆ ಎದ್ದಿತು. ಸಂಜೆಯವರೆಗೂ ಇತ್ತು. ಗಾಳಿ ಹೊಳೆಯ ಕಡೆಗೆ ಬೀಸುತ್ತಿತ್ತು, ವಾಸನೆ ನಮ್ಮತ್ತ ಸುಳಿಯಲಿಲ್ಲ.

"ಇವತ್ತೂ ತೊಳೀತಾಳಲ್ಲೇ," ಎಂದ ರಾದೊಯೆ. "ಒಳ್ಳೇದೇ ಆಯ್ತು. ನಮ್ಮ ಹಂಡೆ ತೂತು ಬಿದ್ದಿದೆ, ನಾಳೆ ಅವಳದನ್ನೇ ಕೇಳೋಣ."

ಮರುದಿನ ಕೈಗಾಡಿ ತಳ್ಳಿಕೊಂಡು ಹೋದೆವು. ಹಂಡೆ ಬೋರಲು ಬಿದ್ದಿತ್ತು, ಫಳಫಳ ಹೊಳೆಯುತ್ತಿತ್ತು. ಬೆಂಚನ್ನು ಬೆಂಕಿಯ ಗುಂಡಿಯ ಹತ್ತಿರಕ್ಕೆ ಎಳೆದಿಟ್ಟಿದ್ದಳು. ಅದರ ಮೇಲೆ ಬಟ್ಟೆ ಮುಚ್ಚಿದ ರೊಟ್ಟಿ, ಹೆಚ್ಚಿಟ್ಟ ಈರುಳ್ಳಿ, ಸಣ್ಣ ಲೋಟಗಳು. ರೊಟ್ಟಿಯನ್ನು ಯಾರೂ ಮುರಿದಿರಲಿಲ್ಲ.

ರಾದೊಯೆಗೆ ಅದೊಂದೂ ಕಣ್ಣಿಗೆ ಬೀಳಲಿಲ್ಲ. ಹಂಡೆ ಎತ್ತಿ, ತಲೆ ಒಳಗಿಟ್ಟು ಮೂಸಿದ.

"ಭೇಷ್ ಅತ್ತಿಗೆ. ಏನೂ ವಾಸನೆ ಇಲ್ಲ. ಹೊಸದರ ಥರ ಇದೆ. ಎರಡು ದಿನಕ್ಕೆ ಕೊಡ್ತೀಯಾ?"

"ತಗೊಂಡು ಹೋಗು."

"ನಿಂದು ಯಾವಾಗ ಇಳಿಸ್ತೀಯ? ಹೇಳು, ನಾನೇ ಬಂದು ಕೂರ್ತೀನಿ. ವೆಲಿಮೀರ್ ಇಲ್ಲ ಅಂತ ನೀನು ಒಬ್ಳೇ ಒದ್ದಾಡ್ಬೇಡ."

ದೆಸಾಂಕಾ ಒಳಗೆ ಹೋಗಿ ಒಂದು ಸೀಸೆ ತಂದು, ಲೋಟಕ್ಕೆ ಸುರಿದು ಅವನ ಕೈಗಿಟ್ಟಳು.

"ಕುಡಿದು ಹೇಳಪ್ಪ, ಸರಿ ಬಂದಿದ್ಯಾ ಅಂತ. ನಂಗೆ ರುಚಿ ಗೊತ್ತಾಗಲ್ಲ."

ರಾದೊಯೆ ಗುಟುಕರಿಸಿದ. ಕಣ್ಣು ಮುಚ್ಚಿ ಮತ್ತೆ ಗುಟುಕರಿಸಿದ.

"ಚೆನ್ನಾಗಿದೆ. ವೆಲಿಮೀರ್ ಹೋದ ವರ್ಷ ಇಳಿಸಿದ್ದಾ?"

"ಅಲ್ಲ, ನಾನು ನಿನ್ನೆ ಇಳಿಸಿದ್ದು," ಎಂದಳು ದೆಸಾಂಕಾ. "ಬೆಳಿಗ್ಗೆಯಿಂದ ಹೊಗೆ ಎದ್ದಿತ್ತಲ್ಲ, ನಿಮಗೆ ಕಾಣಿಸ್ಲಿಲ್ವಾ?"